ತೋಳಿನ ಅಳತೆ

ಹ್ಯಾಂಡ್‌ಪೋಸ್ಟಿನಲ್ಲಿ ಹುಣಸೂರಿನ ಬಸ್ಸು ಹತ್ತಿದಾಗ ಒಂದು ಸೀಟೂ ಖಾಲಿ ಇರಲಿಲ್ಲ. ಬೆಟ್ಟಸ್ವಾಮಿ ಅಭ್ಯಾಸಬಲದಿಂದ ಬಲಗೈಯನ್ನು ಮೇಲಿನ ಕಂಬಿಗೆ ಎತ್ತಲು ಹೋದ. ಕೈ ಭುಜದ ಮಟ್ಟ ದಾಟುವ ಮೊದಲೇ ಕೀಲಿನೊಳಗೆ ಯಾರೋ ಮೊಳೆ ಹೊಡೆದಂತಾಗಿ, ಬಾಯಿಗೆ ಬಂದ 'ಅವ್ವಾ' ಎಂಬುದನ್ನು ಕಷ್ಟಪಟ್ಟು ಕೆಮ್ಮಿಗೆ ತಿರುಗಿಸಿದ. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನ ಭುಜ ಹಿಡಿದುಕೊಂಡು ಎಂಟು ತಿಂಗಳಾಗಿತ್ತು. ಇಪ್ಪತ್ತನಾಲ್ಕು ವರ್ಷ 'ಕೈ ಮೇಲೆ, ಕೈ ಮುಂದೆ, ಕೈ ಕೆಳಗೆ' ಎಂದು ಕೂಗಿಯೇ ಸರ್ಕಾರದ ಅನ್ನ ತಿಂದ ದೈಹಿಕ ಶಿಕ್ಷಕನಿಗೆ ಈಗ ಕೈ ಮೇಲೆ ಹೋಗುವುದಿಲ್ಲ. ಇದನ್ನು ಯಾರಿಗೂ ಹೇಳದೆ ಅವನು ಕವಾಯತನ್ನು ಎಡಗೈಯಲ್ಲಿ ಮಾಡಿ ತೋರಿಸತೊಡಗಿದ್ದ. ಮಕ್ಕಳೂ ಅದನ್ನೇ ಕಲಿತರು. ಎನ್. ಬೇಗೂರಿನ ಆಚೆಯ ಆ ಶಾಲೆ ಇಡೀ ತಾಲ್ಲೂಕಿನಲ್ಲಿ ಎಡಗೈಯಿಂದ ಕವಾಯತು ಶುರುಮಾಡುವ ಒಂದೇ ಶಾಲೆಯಾಗಿತ್ತು. ಜನವರಿ ಇಪ್ಪತ್ತಾರಕ್ಕೆ ಬಾವುಟ ಹಾರಿಸಲು ಬಂದ ಪಂಚಾಯ್ತಿ ಸದಸ್ಯರೊಬ್ಬರು 'ಹೊಸ ಪದ್ಧತಿನಾ ಮೇಷ್ಟ್ರೇ?' ಎಂದು ಕೇಳಿದಾಗ ಅವನು ನಾಚಿಕೆಯಿಲ್ಲದೆ ಹೌದು ಎಂದಿದ್ದ.

"ಸಾ, ಬ್ಯಾಗ್ ಇಲ್ ಕೊಡಿ. ನೀವು ಈ ಸೀಟಿನ್ ಕಂಬಿ ಇಡ್ಕಳಿ," ಎಂದಳು ವನಿತಾ.

ಅವಳೇ ಇವತ್ತಿನ ಪ್ರಯಾಣಕ್ಕೆ ಕಾರಣ. ಎಂಟನೇ ತರಗತಿಯ ಹುಡುಗಿ, ಕಾಡಂಚಿನ ಬುಡಕಟ್ಟಿನವರ ಹಾಡಿಯವಳು, ಕಬಡ್ಡಿಯಲ್ಲಿ ಅವನ ಶಾಲೆಯ ಹೆಸರನ್ನು ತಾಲ್ಲೂಕಿನವರು ಮೊದಲ ಸಲ ಸರಿಯಾಗಿ ಉಚ್ಚರಿಸುವಂತೆ ಮಾಡಿದವಳು. ಮೇಲಿನ ಕಂಬಿಯನ್ನು ಹಿಡಿದ ಅವಳ ಮೊಣಕೈ ಇನ್ನೂ ಆರಾಮವಾಗಿ ಮಡಿಸಿಕೊಂಡೇ ಇತ್ತು. ಹುಣಸೂರಿನ ಮೈದಾನದಲ್ಲಿ ಇವತ್ತು ಕ್ರೀಡಾ ಹಾಸ್ಟೆಲಿನ ಆಯ್ಕೆ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಊಟ, ವಸತಿ, ಓದು, ಆಟ ಎಲ್ಲ ಒಂದೇ ಕಡೆ. ಆಗದಿದ್ದರೆ ಅವನ ಶಾಲೆ ಎಂಟಕ್ಕೆ ಮುಗಿಯುತ್ತದೆ. ಹೈಸ್ಕೂಲು ಹನ್ನೊಂದು ಕಿಲೋಮೀಟರು, ನಡುವೆ ಆನೆ ದಾಟುವ ದಾರಿ. ಅವಳ ಅಕ್ಕ ರೇಣುಕಾ ಎಂಟು ಮುಗಿಸಿದ ವಾರವೇ ಕೇರಳದವರು ಗುತ್ತಿಗೆಗೆ ಹಿಡಿದ ಹೊಲಕ್ಕೆ ಶುಂಠಿ ಕೀಳಲು ಹೋದವಳು, ಇನ್ನೂ ಕೀಳುತ್ತಲೇ ಇದ್ದಾಳೆ. ವನಿತಾಗೆ ಇದೆಲ್ಲ ಗೊತ್ತು. ಅದಕ್ಕೇ ನಿನ್ನೆ ಕ್ಯಾನ್ವಾಸ್ ಶೂಗಳನ್ನು ಎರಡು ಸಲ ತೊಳೆದು, ಒಣಗಲಿಲ್ಲವೆಂದು ಒದ್ದೆಯದನ್ನೇ ಹಾಕಿಕೊಂಡು ಬಂದಿದ್ದಳು. ಹೆಜ್ಜೆ ಇಟ್ಟಾಗಲೆಲ್ಲ ಶೂ ಪಿಚಕ್ಕೆನ್ನುತ್ತಿತ್ತು.

ಬೆಟ್ಟಸ್ವಾಮಿಯ ಎಡ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ವನಿತಾಳ ವ್ಯಾಸಂಗ ಪ್ರಮಾಣಪತ್ರ. ಅದರಲ್ಲಿ ಅವಳ ಹುಟ್ಟಿದ ದಿನ ಹನ್ನೊಂದನೇ ಜೂನ್ ಎರಡು ಸಾವಿರದ ಹನ್ನೊಂದು. ಬೆಳಿಗ್ಗೆ ಏಳು ಗಂಟೆಯವರೆಗೆ ಅದು ಒಂದನೇ ಜೂನ್ ಆಗಿತ್ತು. ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯ ಹಿಂದೆ, ಹುಡುಗಿ ಬನ್ನು ತಿನ್ನುತ್ತಿದ್ದಾಗ, ಅವನು ಫೈಲನ್ನು ಗೋಡೆಗಾನಿಸಿ ಒಂದರ ಪಕ್ಕ ಇನ್ನೊಂದು ಗೀಟು ಎಳೆದ. ಒಂದೇ ಗೀಟು. ಅದೂ ನೆಟ್ಟಗೆ ಬರಲಿಲ್ಲ. ಮೊದಲನೆಯ ಒಂದಕ್ಕೆ ಒರಗಿಕೊಂಡು ನಿಂತಿತು. ಕಳ್ಳತನದಲ್ಲೂ ಮೂರನೇ ಬಹುಮಾನ ಕಣಯ್ಯ ನಿನಗೆ ಎಂದು ತನಗೇ ಹೇಳಿಕೊಂಡು, ಶಾಯಿ ಆರಲಿ ಎಂದು ಊದಿದ. ಬರುವ ಜೂನ್ ಒಂದಕ್ಕೆ ಹದಿನಾಲ್ಕು ತುಂಬಿರಬಾರದು ಎಂದು ನಿಯಮ. ಹಳೆಯ ತಾರೀಕಿನಂತೆ ಅವಳಿಗೆ ಅದೇ ದಿನ, ಗಂಟೆ ಹೊಡೆದಂತೆ, ಹದಿನಾಲ್ಕು ತುಂಬುತ್ತಿತ್ತು.

ಆ ತಾರೀಕನ್ನು ಬರೆದವನೂ ಅವನೇ. ಬಸ್ಸು ಹೊರಟಾಗ ತೂಗಾಡುತ್ತ ಅವನು ಇದನ್ನೇ ನೂರನೆಯ ಸಲ ನೆನೆದ. ಎಂಟು ವರ್ಷದ ಹಿಂದೆ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ, ದಾಖಲಾತಿ ಆಂದೋಲನ. ಮುಖ್ಯ ಶಿಕ್ಷಕರು ರಜೆಯಲ್ಲಿದ್ದರು; ರಿಜಿಸ್ಟರು ಹಿಡಿದುಕೊಂಡು ಹಾಡಿಗೆ ಹೋದವನು ಬೆಟ್ಟಸ್ವಾಮಿ, ಕೊರಳಲ್ಲಿ ಪೀಪಿ. ಹೊಂಗೆ ಮರದ ಕೆಳಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ 'ಬಲಗೈ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ರಪ್ಪ' ಎಂದ. ಮುಟ್ಟಿದವರಿಗೆ ಆರು ತುಂಬಿದೆ, ಮುಟ್ಟದವರು ಅಂಗನವಾಡಿಗೆ. ಅವನ ಅಪ್ಪನನ್ನೂ ಅವನನ್ನೂ ಶಾಲೆಗೆ ಸೇರಿಸಿದ್ದು ಹೀಗೆಯೇ, ಇದರಲ್ಲಿ ತಪ್ಪೇನಿದೆ? ಹನ್ನೊಂದು ಮಕ್ಕಳು ಮುಟ್ಟಿದವು. ಹನ್ನೊಂದಕ್ಕೂ ಒಂದೇ ತಾರೀಕು ಬರೆದ, ಜೂನ್ ಒಂದು. ವನಿತಾ ಕೊನೆಯವಳು. ಮೂಗು ಸೋರುತ್ತಿದ್ದ ಸಣಕಲು ಹುಡುಗಿ, ಕೈ ಎತ್ತಿ ಹಾಕಿದರೆ ಬೆರಳು ಕಿವಿಯನ್ನೂ ದಾಟಿ ಕೆನ್ನೆಗೆ ಬಂತು. 'ಭೇಷ್! ಇವಳಿಗೆ ಆರಲ್ಲ, ಏಳೇ ಇರಬೇಕು' ಎಂದು ಅವನು ನಕ್ಕಿದ್ದ. ಆಗ ಅವಳ ತಾಯಿ ಕುಳ್ಳಿ ಏನೋ ಹೇಳಿದಳು. ಮುಂದೆ ಬಂದು, ಕೈ ಆಡಿಸಿ, ಎರಡು ಸಲ ಹೇಳಿದಳು. ಏನು ಎಂದು ಈಗ ಎಷ್ಟು ತಿಣುಕಿದರೂ ನೆನಪಿಗೆ ಬರುವುದಿಲ್ಲ. ತಾನು 'ಏ, ಸುಮ್ನಿರು ನೀನು' ಎಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ತನ್ನ ಮಾತು ನೆನಪಿರುತ್ತದೆ, ಇನ್ನೊಬ್ಬರದು ಇರುವುದಿಲ್ಲ.

ಇದರ ಮೇಲೊಂದು ದೊಡ್ಡಸ್ತಿಕೆ ಬೇರೆ. ಮರುವರ್ಷದಿಂದ ಅವನು ಜೂನ್ ಒಂದಕ್ಕೆ ಒಂದು ಪೊಟ್ಟಣ ಚಾಕಲೇಟು ತಂದು ಹಾಡಿಯ ಮಕ್ಕಳಿಗೆಲ್ಲ ಹಂಚತೊಡಗಿದ. ಒಂದೇ ದಿನ ಹುಟ್ಟಿದವರು ಎಂದು ಚಪ್ಪಾಳೆ ತಟ್ಟಿಸಿದ. ಮನೆಗೆ ಬಂದು ಹೆಂಡತಿ ಪುಟ್ಟಲಕ್ಷ್ಮಿಗೆ 'ಆ ಮಕ್ಕಳಿಗೆ ಹುಟ್ಟುಹಬ್ಬ ಅಂತ ಒಂದು ಕೊಟ್ಟವನು ನಾನು ಕಣೇ' ಎಂದ. ಅವಳು ಮುದ್ದೆ ತೊಳಸುತ್ತಿದ್ದವಳು ತಿರುಗಿಯೂ ನೋಡದೆ 'ಹೆತ್ತೋಳು ಕೊಟ್ಟಿರ್ಲಿಲ್ವಾ?' ಎಂದಿದ್ದಳು. ಹೆಂಗಸರಿಗೆ ಇಂಥ ಸೂಕ್ಷ್ಮಗಳು ತಿಳಿಯುವುದಿಲ್ಲ ಎಂದುಕೊಂಡು ಅವನು ಉಂಡಿದ್ದ.

ಎಲ್ಲ ಸುಖವಾಗಿಯೇ ಇರುತ್ತಿತ್ತು, ಒಂದು ತಿಂಗಳ ಹಿಂದೆ ಮೈಸೂರಿನಲ್ಲಿ ಆ ತರಬೇತಿಗೆ ಹಾಕದೇ ಇದ್ದಿದ್ದರೆ. 'ಸ್ಪರ್ಧಾತ್ಮಕ ಕ್ರೀಡೆ: ತರಬೇತಿಯ ತತ್ವಗಳು', ಹತ್ತು ದಿನ, ಕೊನೆಗೆ ಪರೀಕ್ಷೆ. ಐವತ್ತನೇ ವಯಸ್ಸಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಮೇಲೆ ಹೆಸರು ಬರೆದು, ಮೊದಲ ಬೆಂಚಿನಲ್ಲಿ ಕೂತಿದ್ದ. ಪಾಠ ಮಾಡಿದವಳು ಅವನ ಮಗಳ ವಯಸ್ಸಿನ ಹುಡುಗಿ. ಮೊದಲ ದಿನವೇ 'ಕೋಚ್ ಆದೋರಿಗೆ ಮೊದಲು ಬೇಕಾದ್ದೇನು?' ಎಂದು ಕೇಳಿದಳು. ಅವನು ಎದ್ದು ನಿಂತು, ಎದೆ ಮುಂದೆ ಮಾಡಿ, 'ಶಿಸ್ತು ಮೇಡಂ. ಅದು ಬರ್ಲಿಲ್ಲ ಅಂದ್ರೆ ಬೆತ್ತ' ಎಂದ. ಹಿಂದಿನ ಬೆಂಚುಗಳು ಗೊಳ್ಳೆಂದವು. ಅವಳು ನಗಲಿಲ್ಲ, ಅದೇ ಹೆಚ್ಚು ಅವಮಾನವಾಯಿತು. 'ಮಗುವಿನ ಮಾಹಿತಿ ಸರ್. ವಯಸ್ಸು, ಎತ್ತರ, ತೂಕ, ಎಷ್ಟು ಹೊತ್ತು ನಿದ್ದೆ ಮಾಡುತ್ತೆ, ಏನು ತಿನ್ನುತ್ತೆ' ಎಂದಳು. ಅವನು ಬರೆದುಕೊಂಡ. ಭಾರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು, ಬರೆದುಕೊಂಡ. ವಿಶ್ರಾಂತಿಯೂ ತರಬೇತಿಯ ಭಾಗ ಎಂದು ಬರೆದುಕೊಂಡಾಗ ಪಕ್ಕದಲ್ಲಿ ಸಣ್ಣದಾಗಿ 'ಅಯ್ಯೋ' ಎಂದೂ ಬರೆದ. ಏಕೆಂದರೆ ಇಪ್ಪತ್ತನಾಲ್ಕು ವರ್ಷ ಅವನು ಸುಸ್ತು ಎಂದ ಮಗುವಿಗೆ ಇನ್ನೆರಡು ಸುತ್ತು ಓಡಿಸಿದ್ದ, ಸುಸ್ತು ಎಂಬುದು ಸೋಮಾರಿಗಳ ಮಾತು ಎಂದು ನಂಬಿ.

ನಾಲ್ಕನೇ ದಿನ ಅಳತೆಯ ಪಾಠ. ಎರಡು ಕೈಗಳನ್ನು ಅಗಲಿಸಿ ನಿಂತರೆ ಬೆರಳ ತುದಿಯಿಂದ ಬೆರಳ ತುದಿಗೆ ಹೆಚ್ಚುಕಡಿಮೆ ಎತ್ತರದಷ್ಟೇ ಬರುತ್ತದಂತೆ. ತೋರಿಸಲು ಮೊದಲ ಬೆಂಚಿನ ಅವನನ್ನೇ ಕರೆದಳು. ಎಡಗೈ ಹೋಯಿತು, ಬಲಗೈ ಅರ್ಧಕ್ಕೆ ನಿಂತಿತು. ಅಂಗಿ ಒಣಹಾಕಿದ ತಂತಿ ಒಂದು ಕಡೆ ಕಳಚಿದಂತೆ ನಿಂತ ಅವನನ್ನು ನೋಡಿ ಅವಳು ಮೃದುವಾಗಿ 'ಪರವಾಗಿಲ್ಲ ಸರ್, ಕೂತ್ಕೊಳಿ' ಎಂದಳು. ಆಮೇಲೆ ಬೋರ್ಡಿನ ಕಡೆ ತಿರುಗಿ ಹೇಳಿದಳು: ಕೆಲವು ಮಕ್ಕಳಿಗೆ ತೋಳು ಎತ್ತರಕ್ಕಿಂತ ಬಹಳ ಉದ್ದ, ಚಿಕ್ಕಂದಿನಿಂದಲೇ, ಕಬಡ್ಡಿಗೆ ಅಂಥವರನ್ನು ಹುಡುಕಿ, ಆದರೆ ತೋಳು ನೋಡಿ ವಯಸ್ಸು ಊಹಿಸಿ ಮೋಸ ಹೋಗಬೇಡಿ. ಬೆಟ್ಟಸ್ವಾಮಿಯ ಪೆನ್ನು ನಿಂತಿತು. ಹೊಂಗೆ ಮರ, ಮೂಗು ಸೋರುವ ಹುಡುಗಿ, ಕಿವಿ ದಾಟಿದ ಬೆರಳು. ಆಮೇಲೆ ಒಂದೊಂದಾಗಿ ಬಂದವು. ಒಂದನೇ ಕ್ಲಾಸಿನಲ್ಲಿ ಅವಳು ಹನ್ನೊಂದು ಗಂಟೆಗೆಲ್ಲ ನಿದ್ದೆ ಹೋಗುತ್ತಿದ್ದಳು. ಅವನು ಎಬ್ಬಿಸಿ ಬಿಸಿಲಲ್ಲಿ ನಿಲ್ಲಿಸುತ್ತಿದ್ದ. ಮೂರನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಉಳಿದ ಮಕ್ಕಳಿಗೆಲ್ಲ ಮುಂದಿನ ಹಲ್ಲು ಬಂದು ಬಲಿತಿವೆ, ಇವಳೊಬ್ಬಳ ಬಾಯಲ್ಲಿ ಕಿಂಡಿ. ಆಗ ಅವನು 'ಲೇ ಬೊಚ್ಚಿ' ಎಂದು ಕರೆದು ಎಲ್ಲರನ್ನೂ ನಗಿಸಿದ್ದ. ಐದೂ ತುಂಬದ ಕೂಸನ್ನು ಆರು ಎಂದು ಬರೆದಿದ್ದೇನೆ. ತರಬೇತಿಯ ಪರೀಕ್ಷೆಯಲ್ಲಿ ಅವನಿಗೆ ಐವತ್ತಕ್ಕೆ ಮೂವತ್ತೊಂಬತ್ತು ಬಂತು. ಪ್ರಮಾಣಪತ್ರ ಕೊಟ್ಟರು, ಫೋಟೋ ತೆಗೆದರು.

ಊರಿಗೆ ಬಂದು ಟೇಪು ಹಿಡಿದು ವನಿತಾಳನ್ನು ಅಳೆದ. ಎತ್ತರ ನೂರ ನಲವತ್ತೊಂಬತ್ತು ಸೆಂಟಿಮೀಟರು, ಅಗಲಿಸಿದ ತೋಳು ನೂರ ಅರವತ್ತು. ಮುಖ್ಯ ಶಿಕ್ಷಕಿಯ ಬಳಿ ಹೋಗಿ, ಸುತ್ತುಬಳಸಿ ಹೇಳಿದ. ಅವರು ಕನ್ನಡಕ ತೆಗೆದು, 'ಮೇಷ್ಟ್ರೇ, ನ್ಯಾಯಾಲಯದಿಂದ ಆದೇಶ ತರ್ಬೇಕು. ತಪ್ಪಾಗಿ ನಮೂದಿಸಿದ್ದು ನಾನೇ ಅಂತ ನೀವು ಬರೆದು ಕೊಟ್ರೆ ಬೇಗ ಆಗುತ್ತೆ. ಕೊಡ್ತೀರಾ?' ಎಂದರು. ಬರೆದು ಕೊಟ್ಟರೆ ಮೇಲಿನವರು ಕೇಳುತ್ತಾರೆ: ಒಂದು ಮಗುವೋ, ಇನ್ನೂ ಇದ್ದಾವೋ? ರಿಜಿಸ್ಟರು ತೆಗೆಯುತ್ತಾರೆ. ಹನ್ನೊಂದು ಜೂನ್ ಒಂದುಗಳು ಒಂದರ ಕೆಳಗೊಂದು, ಅವನ ದುಂಡು ಅಕ್ಷರದಲ್ಲಿ. ನೋಟೀಸು, ವಿಚಾರಣೆ, ಸ್ಟಾಫ್ ರೂಮಿನಲ್ಲಿ ನಗು. 'ನೋಡೋಣ ಮೇಡಂ' ಎಂದು ಅವನು ಎದ್ದು ಬಂದ. ಮೂರು ವಾರ ನೋಡಿದ. ನೋಡುತ್ತ ನೋಡುತ್ತ ಇವತ್ತು ಬಂತು, ಟೀ ಅಂಗಡಿಯ ಗೋಡೆ ಬಂತು.

"ಸಾ, ಹುಣ್ಸೂರು," ಎಂದು ವನಿತಾ ಅವನ ತೋಳು ಮುಟ್ಟಿದಳು. ಹಿಡಿದುಕೊಂಡಿರುವ ತೋಳನ್ನೇ.

ಮೈದಾನದಲ್ಲಿ ಸುಣ್ಣದ ಗೆರೆ ಆಗಲೇ ಎಳೆದಿದ್ದರು. ಹನಗೋಡಿನಿಂದ ಬಂದ ಹುಡುಗಿಯರು ಒಂದೇ ಬಣ್ಣದ ಟೀ ಶರ್ಟು ತೊಟ್ಟು ಸುತ್ತು ಹೊಡೆಯುತ್ತಿದ್ದರು. ಆಯ್ಕೆ ಮಾಡಲು ಬಂದವನು ಉಮಾಶಂಕರ. ಅವನನ್ನು ನೋಡಿ ಬೆಟ್ಟಸ್ವಾಮಿಗೆ ಅಳುಕಾಯಿತು, ಜೊತೆಗೇ ಒಂದು ಹೀನ ಆಸೆಯೂ ಹುಟ್ಟಿತು. ಉಮಾಶಂಕರ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಅವನ ಜೊತೆ ಓದಿದವನು, ಒಂದೇ ರೂಮು, ಒಂದೇ ಸೋಪು. ಈಗ ದೊಡ್ಡ ಕೋಚು, ಹೊಟ್ಟೆ ಇಲ್ಲ, ಕೊರಳಲ್ಲಿ ಎರಡು ಪೀಪಿ.

"ಏನ್ಲಾ ಬೆಟ್ಟಾ, ತಲೆ ಎಲ್ಲಾ ಬೆಳ್ಳಗಾಗದೆ!" ಎಂದು ಉಮಾಶಂಕರ ಬಂದು ಬಲಗೈ ಎಳೆದು ಕುಲುಕಿದ. ಬೆಟ್ಟಸ್ವಾಮಿ ಮತ್ತೆ ಕೆಮ್ಮಿದ.

ಮೊದಲು ಆಟ, ಆಮೇಲೆ ಕಾಗದ ಎಂದರು. ಓಟದಲ್ಲಿ ವನಿತಾ ಮೂರನೆಯವಳು. ಒದ್ದೆ ಶೂ ಬಿಚ್ಚಿ ಹಾಕಿ ಬರಿಗಾಲಲ್ಲಿ ಓಡಿದ ಎರಡನೇ ಸಲ ಮೊದಲನೆಯವಳು. ಆಮೇಲೆ ಕಬಡ್ಡಿ. ಮೈದಾನದಂಚಿನಲ್ಲಿ ನಿಂತ ಬೆಟ್ಟಸ್ವಾಮಿ ಕೂಗಬಾರದು ಎಂದು ಬಾಯಿ ಬಿಗಿಹಿಡಿದಿದ್ದ. ಆಟದ ನಡುವೆ ಹೊರಗಿನಿಂದ ಕಿರುಚುವ ಕೋಚು ಆಟಗಾರರ ಗಮನ ಕೆಡಿಸುತ್ತಾನೆ, ನೋಟ್‌ಬುಕ್ಕಿನ ಇಪ್ಪತ್ತೆರಡನೇ ಪುಟ. ವನಿತಾ ಗೆರೆ ದಾಟಿ ಹೋದಳು. ಎದುರಿನವರು ಬಾಗಿ, ಕೈ ಕೈ ಹಿಡಿದು, ಅರ್ಧ ಸುತ್ತು ಮಾಡಿಕೊಂಡು ಬಂದರು. ಅವಳು ಆತುರಪಡಲಿಲ್ಲ. ಹಾಡಿಯ ದಾರಿಯಲ್ಲಿ ಸೊಪ್ಪು ಅಲುಗಿದರೆ ನಿಂತು ನೋಡುವ ಹಾಗೆ ಒಂದು ಕ್ಷಣ ನಿಂತಳು. ಮೂಲೆಯವಳು ಒಂದು ಹೆಜ್ಜೆ ಇಟ್ಟಳು, ಇನ್ನೂ ದೂರವಿದ್ದೇನೆ ಎಂಬ ಧೈರ್ಯದಿಂದ. ವನಿತಾಳ ಕೈ ಹೋಯಿತು, ಮೂಲೆಯವಳ ಮೂಗಿನ ಮೇಲೆ ತಟ್ಟಿತು, ಬಂತು. ಇಷ್ಟು ದೂರ ಕೈ ಬರುತ್ತದೆಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಐದು ರೈಡಿಗೆ ಏಳು ಪಾಯಿಂಟು. "ಭೇಷ್ ಮಗಳೇ!" ಎಂದು ಬೆಟ್ಟಸ್ವಾಮಿ ಗಂಟಲು ಹರಿಯುವ ಹಾಗೆ ಕಿರುಚಿದ. ಇಪ್ಪತ್ತೆರಡನೇ ಪುಟ ಎಲ್ಲಿಗೆ ಹೋಯಿತೋ! ಸಂತೋಷ ಎಂಬುದು ಎಷ್ಟು ದಿನದ ಮೇಲೆ ಹೀಗೆ ಬಂದಿತ್ತೆಂದರೆ, ಅವನಿಗೆ ಕಣ್ಣಲ್ಲಿ ನೀರೇ ಬಂತು. ಈ ಮಗುವನ್ನು ನಾನು ಕಂಡುಹಿಡಿದೆ ಎಂದುಕೊಂಡ. ಮರುಕ್ಷಣವೇ, ಎರಡು ವರ್ಷ ಕದ್ದವನೂ ನಾನೇ ಎಂಬುದು ನೆನಪಾಗಿ ಕಣ್ಣೊರೆಸಿಕೊಂಡ.

ಶಾಮಿಯಾನದ ಕೆಳಗೆ ಮೇಜು. ಉಮಾಶಂಕರ ಮುಖದಲ್ಲಿ ನಗು ತುಂಬಿಕೊಂಡೇ ಫೈಲು ತೆಗೆದ. "ಎಲ್ಲಿದ್ಲೋ ಈ ಹುಡುಗಿ? ಕೈ ಅಂದ್ರೆ ಕೈ ಕಣೋ! ಕಾಗದ ಸರಿಗಿದ್ರೆ ಇವಳದ್ದೇ ಮೊದಲ ಹೆಸರು." ಕಾಗದವನ್ನು ನೋಡಿದ. ನೋಡುತ್ತಲೇ ಇದ್ದ. ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಬೆಟ್ಟಸ್ವಾಮಿ ಶಾಮಿಯಾನದ ಕಂಬಕ್ಕೆ ಕಟ್ಟಿದ ಹಗ್ಗದ ಗಂಟನ್ನು ಬಹಳ ಆಸಕ್ತಿಯಿಂದ ನೋಡಿದ. ಉಮಾಶಂಕರ ಬೆರಳನ್ನು ತಾರೀಕಿನ ಕೆಳಗಿನ ಸಾಲಿಗೆ ತಂದು ಇಟ್ಟ. ಅಂಕಿಯಲ್ಲಿ ಹನ್ನೊಂದು. ಅಕ್ಷರದಲ್ಲಿ, ಬೆಟ್ಟಸ್ವಾಮಿಯದೇ ದುಂಡು ಕೈಬರಹದಲ್ಲಿ, 'ಒಂದನೇ ಜೂನ್'. ಅಂಕಿಯ ಕೆಳಗೆ ಅಕ್ಷರದಲ್ಲೂ ಬರೆದಿರುತ್ತಾರೆ ಎಂಬುದು, ಇಪ್ಪತ್ತನಾಲ್ಕು ವರ್ಷ ಅದನ್ನೇ ತುಂಬಿದ ಮಹಾಶಯನಿಗೆ, ಗೋಡೆಗೆ ಫೈಲಾನಿಸಿ ನಿಂತಾಗ ಹೊಳೆದೇ ಇರಲಿಲ್ಲ.

"ಪಾಪು, ಬಾ ಇಲ್ಲಿ," ಎಂದ ಉಮಾಶಂಕರ. "ನೀನು ಹುಟ್ಟಿದ್ದು ಯಾವತ್ತು?"

ವನಿತಾ ಬೆವರೊರೆಸಿಕೊಂಡು ಮುಂದೆ ಬಂದಳು. ಈ ಪ್ರಶ್ನೆಗೆ ಉತ್ತರ ಗೊತ್ತಿರುವ ಸಂತೋಷ ಅವಳ ಮುಖದ ಮೇಲೆಲ್ಲ ಇತ್ತು. "ಜೂನ್ ಒಂದು ಸಾ! ನಮ್ ಆಡಿ ಮಕ್ಳುದೆಲ್ಲಾ ಅದೇಯ. ನಮ್ ಸಾರೇ ಚಾಕ್ಲೇಟ್ ಕೊಡ್ತಾರೆ."

ಉಮಾಶಂಕರ ಹುಡುಗಿಯನ್ನು ನೀರು ಕುಡಿಯಲು ಕಳಿಸಿದ. ಅವಳು ಹೋಗುವವರೆಗೆ ಕಾದು, ಕಾಗದವನ್ನು ಮಡಿಸಿ ಬೆಟ್ಟಸ್ವಾಮಿಯ ಅಂಗಿಯ ಜೇಬಿಗೆ ತುರುಕಿದ. "ಇದನ್ನ ನಾನು ನೋಡ್ಲಿಲ್ಲ. ನೀನು ತೋರಿಸ್ಲೂ ಇಲ್ಲ. ಥೂ, ಏನ್ಲಾ ಇದು?"

"ನಿಜವಾಗ್ಲೂ ಅವಳಿಗೆ ಹನ್ನೆರಡೇ ಕಣೋ ಉಮಾ. ನಾನು ಕಿವಿ ಮುಟ್ಸಿ ಬರ್ದುಬುಟ್ಟೆ."

"ಹನ್ನೆರಡೇ ಆಗಿದ್ರೆ ಕಳ್ಳಗೀಟು ಯಾಕೆ ಬೇಕಿತ್ತು? ಕೋರ್ಟಲ್ಲಿ ಹೋಗಿ, ತಪ್ಪು ಬರ್ದೋನು ನಾನು ಅಂತ ಹೇಳು. ಆದೇಶ ತಗೊಂಡು ಮುಂದಿನ ವರ್ಷ ಕರ್ಕೊಂಡು ಬಾ, ಅವಾಗ್ಲೂ ಅವಳಿಗೆ ವಯಸ್ಸಿರುತ್ತೆ. ನಾನೇ ಎತ್ಕೊಂಡು ಹೋಗ್ತೀನಿ." ಉಮಾಶಂಕರ ದನಿ ತಗ್ಗಿಸಿದ. "ಹೇಳ್ತೀಯಾ?"

ಮುಖ್ಯ ಶಿಕ್ಷಕಿಯೂ ಇದನ್ನೇ ಕೇಳಿದ್ದರು. ಬೆಟ್ಟಸ್ವಾಮಿ ತಲೆಯಾಡಿಸಿದ. ಅದು ಹೌದೋ ಅಲ್ಲವೋ ಎಂದು ಅವನಿಗೇ ತಿಳಿಯಲಿಲ್ಲ.

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು. ವನಿತಾ ಕಿಟಕಿಯ ಪಕ್ಕ, ಶೂ ಮಡಿಲಲ್ಲಿ. ಹುಣಸೂರು ದಾಟಿದ ಮೇಲೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಗಳು ಒಂದೊಂದಾಗಿ ಹಿಂದೆ ಹೋದವು. ಅವನು ಹೇಳಬೇಕಾದ ಮಾತನ್ನು ಬಾಯಲ್ಲೇ ಹತ್ತು ಸಲ ಜೋಡಿಸಿಕೊಂಡ. ಪ್ರತಿ ಸಲವೂ ಅದರಲ್ಲಿ 'ಆಗಿನ ಪರಿಸ್ಥಿತಿಯಲ್ಲಿ' ಎಂಬ ಮಾತು ತಾನಾಗಿಯೇ ಬಂದು ಕೂರುತ್ತಿತ್ತು.

"ನಾನು ಜೂನ್ ಅನ್ನೊಂದು ಅನ್ಬೇಕಿತ್ತಾ ಸಾ?" ಎಂದಳು ಅವಳೇ. "ಮೇಜಿನ್ ತಾವ್ ನಿಂತಿದ್ದ ಅಕ್ಕಂದಿರು ಕಾಗ್ದದ್ ಇಸ್ಯ ಮಾತಾಡ್ಕತಿದ್ರು. ಮೊದ್ಲೇ ಏಳಿದ್ರೆ ಅಂಗೇ ಅಂತಿದ್ದೆ."

ಒಂದು ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. "ಇಲ್ಲ ಕಣವ್ವ. ನೀನು ಸರಿಯಾಗೇ ಹೇಳ್ದೆ. ತಪ್ಪು ನಂದು." ಆಮೇಲೆ ಎಲ್ಲವನ್ನೂ ಹೇಳಿದ, ಹೊಂಗೆ ಮರ, ಕಿವಿ, ರಿಜಿಸ್ಟರು. 'ಪರಿಸ್ಥಿತಿ' ಹೇಗೋ ತಪ್ಪಿಸಿಕೊಂಡಿತು. ಹುಡುಗಿ ಕೇಳುತ್ತ ಕೇಳುತ್ತ ಬಲಗೈಯನ್ನು ತಲೆಯ ಮೇಲಿಂದ ಹಾಕಿ ನೋಡಿದಳು. ಬೆರಳು ಕಿವಿ ದಾಟಿ, ಕೆನ್ನೆ ದಾಟಿ, ಗಲ್ಲಕ್ಕೆ ಬಂತು. ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿದ.

"ಅಂಗಾರೆ ನಂಗೆ ಈಗ ಎಷ್ಟು ವರ್ಸ?"

"ಹನ್ನೆರಡು ಅಂತ ನನ್ನ ಲೆಕ್ಕ."

ಅವಳು ಕಿಟಕಿಯಾಚೆ ನೋಡುತ್ತ ಏನೋ ಕಳೆದಳು, ಕೂಡಿದಳು. "ಒಂದ್ನೇ ಕ್ಲಾಸಲ್ಲಿ ನಿದ್ದೆ ಮಾಡ್ದೆ ಅಂತ ಬಿಸ್ಲಲ್ಲಿ ನಿಲ್ಲುಸ್ತಿದ್ರಲ್ಲ ಸಾ. ಅವಾಗ ನಂಗೆ ಐದೂ ಆಗಿರ್ನಿಲ್ವಾ?"

ಈ ಒಂದನ್ನಾದರೂ ಅವಳು ಮರೆತಿರುತ್ತಾಳೆ ಎಂದು ಅವನು ನಂಬಿಕೊಂಡಿದ್ದ. "ಇಲ್ಲ," ಎಂದ. ಆಮೇಲೆ, ಇಪ್ಪತ್ತನಾಲ್ಕು ವರ್ಷದಲ್ಲಿ ಯಾವ ಮಗುವಿಗೂ ಹೇಳದಿದ್ದ ಮಾತನ್ನು ಹೇಳಿದ. "ತಪ್ಪಾಯ್ತು ಕಣವ್ವ." ಪರವಾಗಿಲ್ಲ ಸಾ ಎಂದಾಳು ಎಂದು ಅವನು ಹ್ಯಾಂಡ್‌ಪೋಸ್ಟಿನವರೆಗೂ ಕಾದ. ಅವಳು ಅನ್ನಲಿಲ್ಲ.

ಅವಳನ್ನು ಹಾಡಿಯವರೆಗೆ ಬಿಟ್ಟು ಬರಬೇಕಿತ್ತು. ನಾಲ್ಕೂವರೆಯ ಬಿಸಿಲು. ಶುಂಠಿ ಕೆಲಸದಿಂದ ಹೆಂಗಸರು ಬಂದಿದ್ದರು. ಕುಳ್ಳಿ ಮನೆಯ ಮುಂದೆ ಬಕೆಟ್ಟಿನಲ್ಲಿ ಕೈ ಅದ್ದಿ ಉಗುರಿನ ಮಣ್ಣು ಉಜ್ಜುತ್ತಿದ್ದಳು. ಮಗಳ ಮುಖ ನೋಡಿ, ಏನೂ ಕೇಳದೆ, ಅವನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಅವನು ಕೂರಲಿಲ್ಲ. ಆಯ್ಕೆ ಆಗಲಿಲ್ಲ ಎಂದ. ಯಾಕೆ ಎಂದು ಹೇಳಿದ. ಬಸ್ಸಿನಲ್ಲಿ ಹೇಳಿದ್ದಕ್ಕಿಂತ ಎರಡನೇ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದು ಸುಳ್ಳಾಯಿತು. ಸುತ್ತ ಮಕ್ಕಳು ಬಂದು ನಿಂತವು. ಜೂನ್ ಒಂದರ ಮಕ್ಕಳೇ, ಪುಟ್ಟ, ಶಿವಕುಮಾರ, ಉಳಿದವರು.

"ನಾನು ಅವತ್ತೇ ಏಳಿದ್ನಲ್ಲ ಸಾ," ಎಂದಳು ಕುಳ್ಳಿ. ದನಿ ಏರಿಸಲಿಲ್ಲ. "ಬಿದ್ರು ಅಕ್ಕಿ ಬುಟ್ಟ ವರ್ಸ ಉಟ್ಟಿದ್ದು ಇವ್ಳು ಅಂತ. ಎರಡ್ ಸಲ ಏಳ್ದೆ. ನೀವು, ಏ ಸುಮ್ನಿರು ನೀನು, ಕಾಡು ಲೆಕ್ಕ ಎಲ್ಲ ಬುಕ್ಕಿಗೆ ಬರಲ್ಲ ಅಂದ್ರಿ."

ಅದು. ಎಂಟು ವರ್ಷ ನೆನಪಿಗೆ ಬಾರದಿದ್ದದ್ದು ಅದೇ. ಬಿದಿರು ಹೂ ಬಿಟ್ಟು ಅಕ್ಕಿ ಉದುರಿಸುವುದು ಒಂದು ತಲೆಮಾರಿಗೆ ಒಂದೇ ಸಲ. ಅದು ಬಿದ್ದ ವರ್ಷವನ್ನು ಈ ಕಡೆಯ ಕೂಸೂ ಹೇಳುತ್ತದೆ. ಅರಣ್ಯ ಇಲಾಖೆಯ ಪುಸ್ತಕದಲ್ಲೂ ಇರುತ್ತದೆ. ಅವನು ಹುಟ್ಟಿಸಿದ ತಾರೀಕಿಗಿಂತ ಗಟ್ಟಿಯಾದ ತಾರೀಕು ಅವಳ ಬಾಯಲ್ಲಿತ್ತು, ಅವನು ಪೀಪಿ ಕಟ್ಟಿಕೊಂಡು ಕಿವಿ ಮುಟ್ಟಿಸುತ್ತಿದ್ದ. ಬೇರೆಯವರ ಕಿವಿ.

"ಎಂಟ್ ವರ್ಸ ಆಯ್ತು ಸಾ," ಎಂದಳು ಕುಳ್ಳಿ. "ದೊಡ್ಡೋಳು ಶುಂಠಿಗೋದ್ಲು. ಇವ್ಳಾದ್ರೂ ಓಗ್ತಾಳೆ ಅನ್ಕಂಡಿದ್ದೆ. ಈಗ್ಲಾರೂ ಬರ್ಕತೀರಾ, ಇಲ್ಲ ಈಗ್ಲೂ ಸುಮ್ನಿರಾನಾ?"

ಬೆಟ್ಟಸ್ವಾಮಿ ಕುರ್ಚಿಯ ಬೆನ್ನು ಹಿಡಿದುಕೊಂಡ. "ಕೋರ್ಟಲ್ಲಿ ಹೇಳ್ತೀನಿ. ಬರ್ದೋನು ನಾನೇ ಅಂತ." ಮಾತು ಬಾಯಿಂದ ಬಿದ್ದ ಮೇಲೆ, ಇಷ್ಟು ಜನರೆದುರು ಬಿದ್ದದ್ದನ್ನು ಹೆಕ್ಕಿಕೊಳ್ಳಲು ಆಗುವುದಿಲ್ಲ ಎಂದು ಗೊತ್ತಾಯಿತು. ಅದಕ್ಕೇ ಇಷ್ಟು ಜನರೆದುರು ಹೇಳಿದೆನೋ ಏನೋ. "ಬರೀ ಇವಳದ್ದಲ್ಲ. ಎಲ್ಲಾರ್ದೂ."

"ನಂದೂನಾ ಸಾ?" ಎಂದು ಕಣ್ಣರಳಿಸಿದ ಪುಟ್ಟ. "ನಂಗೆ ಜೂನ್ ಒಂದೇ ಇರ್ಲಿ ಬುಡಿ."

ಎಲ್ಲರಿಗೂ ನಗು ಬಂತು, ಕುಳ್ಳಿಗೂ. ವನಿತಾ ಮಾತ್ರ ನಗದೆ ಅವನನ್ನೇ ನೋಡುತ್ತಿದ್ದಳು, ಬೆಳಿಗ್ಗೆ ಗೆರೆ ದಾಟಿ ನಿಂತು ಮೂಲೆಯವಳನ್ನು ನೋಡಿದ ಹಾಗೆಯೇ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು.

"ಸಾ, ನೀವು ಮುಟ್ಟಿ ನೋಡಾಣ."

"ಏನು?"

"ಕಿವಿ. ತಲೆ ಮೇಲಿಂದ. ಬಲಗೈಲಿ."

ಬೇಡ ಎನ್ನಬಹುದಿತ್ತು. ಗದರಬಹುದಿತ್ತು, ಅದಕ್ಕೆ ಬೇಕಾದ ದನಿ ಇಪ್ಪತ್ತನಾಲ್ಕು ವರ್ಷದಿಂದ ಗಂಟಲಲ್ಲೇ ಇತ್ತು. ಬೆಟ್ಟಸ್ವಾಮಿ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು ಬಲಗೈ ಎತ್ತಿದ. ಭುಜದ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಎಡಗೈಯಿಂದ ಅದನ್ನು ಮೇಲಕ್ಕೆ ತಳ್ಳಿದ. "ಅವ್ವಾ!" ಎಂಬುದು ಈ ಸಲ ಕೆಮ್ಮಾಗದೆ ಹಾಗೇ ಹೊರಗೆ ಬಂತು. ಬೆರಳುಗಳು ಬಲಗಿವಿಯ ಪಕ್ಕದಲ್ಲಿ, ಗಾಳಿಯಲ್ಲಿ, ಏನನ್ನೂ ಮುಟ್ಟದೆ ನಡುಗಿದವು. ಎಡಗಿವಿ ಇನ್ನೂ ಎಲ್ಲೋ ಇತ್ತು.

ವನಿತಾ ತಲೆ ವಾಲಿಸಿ, ಸುತ್ತ ಒಂದು ಸಲ ನಡೆದು, ಅವನು ಅವತ್ತು ನೋಡಿದ ಹಾಗೆಯೇ ನೋಡಿದಳು. ಆಮೇಲೆ ಹಾಡಿಗೆಲ್ಲ ಕೇಳುವಂತೆ ಹೇಳಿದಳು:

"ಸಾರ್‌ಗೆ ಇನ್ನೂ ಆರು ತುಂಬಿಲ್ಲ ಕಣ್ರೋ. ಇಸ್ಕೂಲ್‌ಗೆ ಸೇರ್ಸಂಗಿಲ್ಲ."

ಮಕ್ಕಳು ಹೋ ಎಂದವು. ನಗುವಿನ ನಡುವೆ ಬೆಟ್ಟಸ್ವಾಮಿ ಕೈಯನ್ನು ನಿಧಾನವಾಗಿ ಇಳಿಸಿಕೊಂಡ. ಬ್ಯಾಗಿನಿಂದ ರಟ್ಟು ಹಾಕಿದ ನೋಟ್‌ಬುಕ್ಕು ತೆಗೆದು, ಖಾಲಿ ಪುಟ ಹುಡುಕಿ, ಕುರ್ಚಿಯನ್ನು ಕುಳ್ಳಿಯ ಕಡೆ ಸರಿಸಿ, ತಾನು ಜಗಲಿಯ ಕೆಳಗೆ ಮಣ್ಣಿನ ಮೇಲೆ ಕೂತ.

"ಹೇಳಿ ಕುಳ್ಳವ್ವ," ಎಂದ. "ಬಿದಿರು ಅಕ್ಕಿ ಯಾವ ತಿಂಗಳಲ್ಲಿ ಬಿತ್ತು?"